ಬಧಿರ ಬಾಲಕರ ಅಕ್ಷರಾಭ್ಯಾಸವೂ ಮೊಬೈಲಿನ ಸಾಧನಗಳೂ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ಅಕ್ಷರಕ್ಕೆ ಎರಡು ರೂಪಗಳುಂಟೆಂದು ವ್ಯಾಕರಣವನ್ನೋದಿದವರು ಬಲ್ಲರು. ಕಿವಿಯಿಂದ ಗ್ರಹಿಸಲ್ಪಡುವುದು ಶ್ರಾವಣ. ಕಣ್ಣಿನಿಂದ ಗ್ರಹಿಸಲ್ಪಡುವುದು ಚಾಕ್ಷುಷ. ಇವೆರಡರಲ್ಲಿ ಮೊದಲನೆಯದೇ ಮೂಲವೆಂದೂ ಎರಡನೆಯದು ಅದರ ಗುರುತು ಮಾತ್ರವೆಂದೂ ಸಾಮಾನ್ಯವಾದ ಭಾವನೆ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಶರೀರವನ್ನೇ ವಾದ್ಯವನ್ನಾಗಿಯೂ ನಾಲಗೆಯನ್ನು ಅದನ್ನು ನುಡಿಸುವ ಕೋಲನ್ನಾಗಿಯೂ ಕಲ್ಪಿಸಿ ಶಬ್ದದ ಹುಟ್ಟನ್ನು ವಿವರಿಸಿರುವನು. ಪಾಠಶಾಲೆಗಳ ಕ್ರಮವೂ ಇದಕ್ಕೆ ಅನುಗುಣವಾಗಿಯೇ ಇದ್ದಿತು. ಗುರುವು ಹೇಳುವನು; ಶಿಷ್ಯನು ಅದನ್ನೇ ತಿರುಗಿ ಹೇಳುವನು; ಮರಳಿನ ಮೇಲೆ ಬೆರಳಿಟ್ಟು ತಿದ್ದುವುದು ಆಮೇಲಿನ ಮಾತು. ಅಮರಕೋಶವನ್ನು ಬಾಯಿಪಾಠ ಮಾಡಿದ ಎಷ್ಟೋ ಮಂದಿ ಅದರ ಪುಸ್ತಕವನ್ನು ಕಣ್ಣಾರೆ ಕಂಡದ್ದು ಕೆಲವು ವರ್ಷಗಳು ಕಳೆದ ಮೇಲೆ.

ಹೀಗಿರುವಲ್ಲಿ, ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಅಕ್ಷರವನ್ನು ಕಲಿಸುವ ಬಗೆ ಯಾವುದು? ಅದರ ಪಾಲಿಗೆ ಶ್ರಾವಣಾಕ್ಷರವೆಂಬುದೇ ಇಲ್ಲ. ಮೂಲವು ಮರೆಯಾಗಿ ಗುರುತು ಮಾತ್ರ ಕಣ್ಣೆದುರಿಗೆ ನಿಂತಿರುವುದು. 'ಕ' ಎಂಬ ಗೆರೆಯ ಹಿಂದೆ ಯಾವ ಧ್ವನಿಯೂ ಅದಕ್ಕೆ ಹೊಳೆಯದು. ಈ ಹಳೆಯ ಪ್ರಶ್ನೆಗೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮೊಬೈಲು ಎಂಬ ಸಣ್ಣ ಯಂತ್ರವು ಒಂದು ಹೊಸ ಉತ್ತರವನ್ನು ಮುಂದಿಟ್ಟಿರುವುದು. ಆ ಉತ್ತರದಲ್ಲಿ ತಿರುಳೆಷ್ಟು, ಕೊರತೆಯೆಲ್ಲಿ, ಕನ್ನಡ ನಾಡಿನ ಮಕ್ಕಳಿಗೆ ಅದರಿಂದ ದೊರೆಯಬಹುದಾದುದೇನು ಎಂಬುದೇ ಈ ಹೊತ್ತಿನ ವಿಚಾರ.

ಇದು ಎಲ್ಲಿಯೋ ಕೆಲವರಿಗೆ ಸಂಬಂಧಿಸಿದ ಮಾತೆಂದು ಭಾವಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯಂತೆ, ಚಿಕಿತ್ಸೆಯೋ ಸಹಾಯವೋ ಬೇಕಾಗುವಷ್ಟು ಶ್ರವಣದೋಷವುಳ್ಳವರು ಲೋಕದಲ್ಲಿ 43 ಕೋಟಿ. ಅವರಲ್ಲಿ 3 ಕೋಟಿ 40 ಲಕ್ಷ ಮಂದಿ ಮಕ್ಕಳು. ಭಾರತದಲ್ಲಿ 2011ರ ಜನಗಣತಿಯು ಎಣಿಸಿದ ಶ್ರವಣದೋಷಿಗಳ ಸಂಖ್ಯೆ 50 ಲಕ್ಷಕ್ಕೆ ಮೇಲ್ಪಟ್ಟುದು. ಇವರೆಲ್ಲರೂ ಪೂರ್ಣ ಬಧಿರರಲ್ಲ. ಹಲವರಿಗೆ ಕಿವಿಯ ಯಂತ್ರದಿಂದ ಅನುಕೂಲವಾಗುವುದು. ಆದರೂ ಯಾವ ತಾಲ್ಲೂಕಿನಲ್ಲಿ ಹುಡುಕಿದರೂ ಇಂತಹ ಮಕ್ಕಳಿಲ್ಲದ ಹೋಬಳಿ ಸಿಕ್ಕುವುದು ಕಷ್ಟ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾಗದು. 'ಕಿವುಡ ಮೂಗ' ಎಂಬ ಜೋಡಿ ಶಬ್ದವು ಹಿಂದೆ ಶಾಲೆಗಳ ಫಲಕಗಳ ಮೇಲೂ ಇದ್ದಿತು. ಹಳ್ಳಿಗಳಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದಿರುವುದು. ಇಂತಹ ಮಕ್ಕಳಲ್ಲಿ ಬಹುತೇಕರ ಕಂಠಕ್ಕೆ ಯಾವ ಊನವೂ ಇಲ್ಲ, ನಾಲಗೆಗೂ ಇಲ್ಲ. ಕೇಳದುದನ್ನು ನುಡಿಯಲಾಗದೆ ಅವರು ಸುಮ್ಮನಿರುವರು, ಅಷ್ಟೆ. ಒಂದೂ ಚೀನೀ ಮಾತನ್ನು ಕೇಳದ ಪಂಡಿತನು ಚೀನೀ ನುಡಿಯಲ್ಲಿ ಮೌನಿಯಾಗಿರುವಂತೆಯೇ ಇದು. ಅವನನ್ನು ಯಾರೂ ಮೂಗನೆನ್ನರು.

ಕಿವಿಯುಳ್ಳ ಮಗುವು ಶಾಲೆಯ ಹೊಸ್ತಿಲನ್ನು ತುಳಿಯುವ ಹೊತ್ತಿಗೆ ಆಗಲೇ ಐದಾರು ವರ್ಷಗಳ ಭಾಷೆಯನ್ನು ಹೊತ್ತು ಬಂದಿರುವುದು. ತೊಟ್ಟಿಲಿನ ಜೋಗುಳ, ಅಜ್ಜಿಯ ಕಥೆ, ಅಡಿಗೆಮನೆಯ ಜಗಳ, ಬೀದಿಯ ಬೈಗುಳ, ಎಲ್ಲವೂ ಕೇಳದೆಯೇ ಕಿವಿಗೆ ಬಿದ್ದು ಒಳಗೆ ಸೇರಿರುವುವು. ಉಪಾಧ್ಯಾಯನು 'ಅ ಅರಸ, ಆ ಆನೆ' ಎಂದು ಪ್ರಾರಂಭಿಸಿದಾಗ ಆ ಮಗುವು ಹೊಸದಾಗಿ ಕಲಿಯುವುದು ಗೆರೆಯನ್ನು ಮಾತ್ರ. ಆನೆಯೆಂಬ ಮಾತು ಅದಕ್ಕೆ ಮೊದಲೇ ಗೊತ್ತು. ಬಧಿರ ಮಗುವಿನ ಸ್ಥಿತಿಯಾದರೋ ಬೇರೆ. ಅದಕ್ಕೆ ಗೆರೆಯೂ ಹೊಸದು, ಮಾತೂ ಹೊಸದು. ಒಂದೊಂದು ಸಲ, ಪದಾರ್ಥಗಳಿಗೆ ಹೆಸರುಂಟೆಂಬ ಸಂಗತಿಯೇ ಹೊಸದು.

ಇದಕ್ಕೆ ಕಾರಣ ಮಗುವಿನ ಬುದ್ಧಿಮಾಂದ್ಯವಲ್ಲ, ಮನೆಯ ಸನ್ನಿವೇಶ. ಬಧಿರ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗಳ ಮಕ್ಕಳು. ತಾಯಿಗೆ ಸಂಜ್ಞಾಭಾಷೆ ಬಾರದು. ಮಗುವಿಗೆ ತಾಯಿಯ ಮಾತು ಕೇಳದು. ಹಸಿವಾದರೆ ಬಾಯಿಯನ್ನು ತೋರಿಸುವುದು, ಬೇಡವಾದರೆ ತಲೆಯನ್ನಲ್ಲಾಡಿಸುವುದು, ಹೀಗೆ ಹತ್ತಿಪ್ಪತ್ತು ಸನ್ನೆಗಳಲ್ಲಿ ಮನೆಯ ವ್ಯವಹಾರ ಸಾಗುವುದು. ಮಗುವು ಉಂಡಿತು, ಮಲಗಿತು, ಆಡಿತು ಎಂಬುದರಿಂದ ಎಲ್ಲವೂ ಸರಿಯಿರುವುದೆಂದು ಮನೆಯವರು ಸಮಾಧಾನಪಡುವರು. ನಿನ್ನೆ ನಡೆದುದನ್ನು ಹೇಳುವುದಕ್ಕೆ, ನಾಳೆ ಏನಾಗುವುದೆಂದು ಕೇಳುವುದಕ್ಕೆ, 'ಏಕೆ' ಎಂದು ಪ್ರಶ್ನಿಸುವುದಕ್ಕೆ ಆ ಇಪ್ಪತ್ತು ಸನ್ನೆಗಳು ಸಾಲವು. ಭಾಷೆಯು ಸಹಜವಾಗಿ ಬೇರೂರುವ ಮೊದಲ ವರ್ಷಗಳು ಹೀಗೆ ಬರಿದಾಗಿ ಕಳೆದುಹೋದರೆ ಅನಂತರ ಅದನ್ನು ತುಂಬಿಕೊಡುವುದು ಬಲು ಕಷ್ಟ. ಕಿವಿ ಕೇಳದಿರುವುದಕ್ಕಿಂತ ಭಾಷೆಯೇ ಇಲ್ಲದಿರುವುದು ದೊಡ್ಡ ನಷ್ಟವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಅಮೆರಿಕದಂತಹ ಸಂಪನ್ನ ದೇಶದಲ್ಲಿಯೂ ಕಳೆದ ಶತಮಾನದ ಕೊನೆಯ ಪರೀಕ್ಷೆಗಳಲ್ಲಿ ಪ್ರೌಢಶಾಲೆಯನ್ನು ಮುಗಿಸುವ ಬಧಿರ ವಿದ್ಯಾರ್ಥಿಗಳ ಓದು ಸರಾಸರಿಯಲ್ಲಿ ನಾಲ್ಕನೆಯ ತರಗತಿಯ ಆಸುಪಾಸಿನಲ್ಲಿದ್ದಿತು. ಹಣವಾಗಲಿ ಕಟ್ಟಡಗಳಾಗಲಿ ಈ ಕೊರತೆಯನ್ನು ನೀಗಿಸಲಿಲ್ಲ.

ಬಧಿರರ ಶಿಕ್ಷಣದ ಚರಿತ್ರೆಯು ಒಂದು ದೀರ್ಘವಾದ ವಾದದ ಚರಿತ್ರೆ. ಫ್ರಾನ್ಸಿನಲ್ಲಿ ಅಬ್ಬೆ ದ ಲೆಪೆ ಎಂಬ ಪಾದ್ರಿಯು 1760ರ ಸುಮಾರಿನಲ್ಲಿ ಪ್ಯಾರಿಸಿನ ಬಧಿರರ ಕೈಸನ್ನೆಗಳನ್ನೇ ಆಧಾರವಾಗಿಟ್ಟುಕೊಂಡು ಪಾಠ ಹೇಳಲಾರಂಭಿಸಿದನು. ಆ ಪರಂಪರೆಯಲ್ಲಿ ಬೆಳೆದ ಬಧಿರ ಉಪಾಧ್ಯಾಯನಾದ ಲಾರೆಂಟ್ ಕ್ಲೆರ್ಕನು ಗಾಲಡೆಟ್ ಎಂಬಾತನೊಡನೆ ಅಮೆರಿಕೆಗೆ ಹೋಗಿ 1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಶಾಲೆಯನ್ನು ತೆರೆದನು. ಇತ್ತ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಳನವು ಸನ್ನೆಯನ್ನು ಬಿಟ್ಟು ಬಾಯಿಮಾತಿನಿಂದಲೇ ಕಲಿಸತಕ್ಕದ್ದೆಂದು ನಿರ್ಣಯಿಸಿತು. ಅಲ್ಲಿ ಕೂಡಿದ್ದ 164 ಮಂದಿಯಲ್ಲಿ ಬಧಿರನಾದವನು ಒಬ್ಬನೇ ಎಂದು ಹೇಳುವರು. ಯಾರ ಕೈಗಳನ್ನು ಕಟ್ಟಬೇಕೆಂದು ನಿರ್ಣಯವಾಯಿತೋ ಅವರನ್ನು ಕೇಳಿದವರಿಲ್ಲ. ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಪ್ರಾಧ್ಯಾಪಕನು ಅಮೆರಿಕದ ಸಂಜ್ಞಾಭಾಷೆಗೆ ತನ್ನದೇ ಆದ ರಚನಾನಿಯಮಗಳುಂಟೆಂದು ತೋರಿಸಿದ ಮೇಲೆ ಗಾಳಿ ತಿರುಗಿತು. ಮಿಲಾನಿನ ನಿರ್ಣಯಗಳನ್ನು ಅದೇ ಸಮ್ಮೇಳನದ ಉತ್ತರಾಧಿಕಾರಿಗಳು ಕೆನಡಾದ ವ್ಯಾಂಕೂವರಿನಲ್ಲಿ 2010ರಲ್ಲಿ ತಿರಸ್ಕರಿಸಿ ವಿಷಾದವನ್ನು ಸೂಚಿಸಿದರು. ನೂರಮೂವತ್ತು ವರ್ಷ!

ತುಟಿಯನ್ನು ನೋಡಿ ಮಾತನ್ನು ತಿಳಿಯಬಹುದಷ್ಟೆ ಎಂದು ಕೆಲವರು ಕೇಳುವರು. ಕನ್ನಡದ ಮೂರು ಶಬ್ದಗಳಿಂದ ಇದನ್ನು ಪರೀಕ್ಷಿಸಬಹುದು. ಪಟ್ಟೆ, ಬಟ್ಟೆ, ಮಟ್ಟೆ. ಇವನ್ನು ಧ್ವನಿಯಿಲ್ಲದೆ ತುಟಿಯಾಡಿಸಿ ಎದುರಿಗಿರುವವರಿಗೆ ತೋರಿಸಿದರೆ ಯಾವುದು ಹುಲಿಯ ಮೈಮೇಲಿನದು, ಯಾವುದು ಉಡುವುದು, ಯಾವುದು ತೆಂಗಿನದು ಎಂದು ಹೇಳಬಲ್ಲವರಿಲ್ಲ. ಮೂರಕ್ಕೂ ತುಟಿಗಳು ಒಂದೇ ವಿಧವಾಗಿ ಕೂಡಿ ಬಿಡುವುವು. ಕವರ್ಗವಾದರೋ ಗಂಟಲಿನಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣಿಸುವುದೇ ಇಲ್ಲ. ಆದರೆ ಇದೇ ಮೂರು ಶಬ್ದಗಳನ್ನು ಹಲಗೆಯ ಮೇಲೆ ಬರೆದರೆ ಭೇದವು ಸ್ಪಷ್ಟ. ತುಟಿಯು ಮರೆಸುವುದನ್ನು ಲಿಪಿಯು ತೋರಿಸುವುದು. ಬಧಿರ ಮಗುವಿಗೆ ಓದು ಬರಹವು ಇತರರಿಗಿಂತ ಹೆಚ್ಚು ಬೇಕಾದುದು ಈ ಕಾರಣದಿಂದ. 2020ರ ಸಾಂಕ್ರಾಮಿಕದಲ್ಲಿ ಎಲ್ಲರ ಬಾಯಿಗೂ ಮುಸುಕು ಬಿದ್ದಾಗ ತುಟಿಯ ಓದನ್ನೇ ನಂಬಿದ್ದವರ ಪಾಡು ಏನಾಯಿತೆಂಬುದನ್ನು ವಿಸ್ತರಿಸಬೇಕಾಗಿಲ್ಲ.

ಇನ್ನು ಮೊಬೈಲಿನ ಸಾಧನಗಳ ಮಾತಿಗೆ ಬರಬಹುದು. ಇವನ್ನು ಜನರು ಆ್ಯಪ್ ಎಂದು ಕರೆಯುವರು. ಆ ಹೆಸರೇ ಇರಲಿ.

ಅಮೆರಿಕದ ವಾಷಿಂಗ್‌ಟನ್ನಿನಲ್ಲಿ ಗಾಲಡೆಟ್ ವಿಶ್ವವಿದ್ಯಾಲಯವೆಂಬ ಬಧಿರರ ವಿದ್ಯಾಪೀಠವುಂಟು. ಅದಕ್ಕೆ ಪದವಿಗಳನ್ನು ಕೊಡುವ ಅಧಿಕಾರ ದೊರೆತದ್ದು 1864ರಲ್ಲಿ, ಅಬ್ರಹಾಂ ಲಿಂಕನ್ನನ ರುಜುವಿನಿಂದ. ಅಲ್ಲಿಯ ವಿದ್ವಾಂಸರು, ಅವರಲ್ಲಿ ಹಲವರು ತಾವೇ ಬಧಿರರು, ಕಣ್ಣಿನಿಂದ ಭಾಷೆಯು ಹೇಗೆ ಕಲಿಯಲ್ಪಡುವುದೆಂಬುದನ್ನು ಬಹುಕಾಲ ಪರಿಶೀಲಿಸಿ 2013ರಲ್ಲಿ 'ದ ಬೇಓಬಾಬ್' ಎಂಬ ಕಥೆಯ ಆ್ಯಪನ್ನು ಹೊರತಂದರು. ಬೇಓಬಾಬ್ ಎಂದರೆ ಆಫ್ರಿಕದ ಒಂದು ಮಹಾವೃಕ್ಷ. ಸವಣೂರಿನ ದೊಡ್ಡಹುಣಸೇ ಮಠದಲ್ಲಿ ಪ್ರಸಿದ್ಧವಾಗಿರುವ ದೊಡ್ಡಹುಣಸೆಯೇ ಅದು, ಆದುದರಿಂದ ಈ ಸಭೆಯಲ್ಲಿ ಅದನ್ನು ಕಂಡವರು ಅನೇಕರಿರಬಹುದು. ಕುತೂಹಲಿಯಾದ ಒಬ್ಬ ಹುಡುಗಿಯು ಆ ಮರವನ್ನು ಹುಡುಕಿ ಹೋಗುವುದೇ ಕಥೆ.

ಈ ಆ್ಯಪಿನ ವಿಶೇಷವಿರುವುದು ಅದರ ಏರ್ಪಾಟಿನಲ್ಲಿ. ಮಗುವು ಬೇಕಾದರೆ ಕಥೆಯನ್ನು ನೋಡಬಹುದು. ಅಲ್ಲಿ ಸಂಜ್ಞಾಭಾಷೆಯನ್ನು ಚೆನ್ನಾಗಿ ಬಲ್ಲ ಕಥೆಗಾರ್ತಿಯೊಬ್ಬಳು ಕೈ, ಮುಖ, ಮೈಯೆಲ್ಲವನ್ನೂ ಬಳಸಿ ಕಥೆಯನ್ನು ಹೇಳುವಳು. ಬೇಕಾದರೆ ಓದಬಹುದು, ಅಲ್ಲಿ ಚಿತ್ರದ ಕೆಳಗೆ ಇಂಗ್ಲಿಷು ವಾಕ್ಯಗಳಿರುವುವು. ಓದುವಾಗ ಯಾವುದಾದರೊಂದು ಶಬ್ದವು ತಿಳಿಯದಿದ್ದರೆ ಅದರ ಮೇಲೆ ಬೆರಳಿಟ್ಟೊಡನೆ ಆ ಶಬ್ದದ ಸಂಜ್ಞೆಯೂ, ಅನಂತರ ಬೆರಳುಗಳಿಂದ ಅದರ ಅಕ್ಷರಗಳನ್ನು ಒಂದೊಂದಾಗಿ ತೋರಿಸುವ ಕ್ರಮವೂ ಕಾಣಿಸುವುದು. ಹೀಗೆ 170ಕ್ಕೂ ಹೆಚ್ಚು ಶಬ್ದಗಳಿಗೆ ವ್ಯವಸ್ಥೆ ಮಾಡಲ್ಪಟ್ಟಿತ್ತು. ಸಂಜ್ಞೆಯಿಂದ ಅರ್ಥ, ಅರ್ಥದಿಂದ ಬೆರಳಿನ ಅಕ್ಷರ, ಬೆರಳಿನ ಅಕ್ಷರದಿಂದ ಪುಟದ ಮೇಲಿನ ಅಕ್ಷರ, ಹೀಗೆ ಸರಪಣಿಯಂತೆ ಒಂದಕ್ಕೊಂದು ಕೊಂಡಿ ಹಾಕುವುದು ಬಧಿರರಾದ ಒಳ್ಳೆಯ ಉಪಾಧ್ಯಾಯರು ತರಗತಿಯಲ್ಲಿ ಮಾಡುತ್ತ ಬಂದ ಕೆಲಸ. ಆ್ಯಪು ಅದನ್ನು ಹೊಸದಾಗಿ ಕಂಡುಹಿಡಿದುದಲ್ಲ. ಅಂತಹ ಉಪಾಧ್ಯಾಯರಿಲ್ಲದ ಮನೆಗೆ ಅದನ್ನು ಹೊತ್ತುಕೊಂಡು ಹೋದುದು. ಅದೇ ಮಾಲೆಯಲ್ಲಿ 'ತೋಳ ಬಂತು ತೋಳ' ಎಂದು ಕನ್ನಡ ಮಕ್ಕಳಿಗೆ ಗೊತ್ತಿರುವ ಕುರಿಕಾಯುವ ಹುಡುಗನ ಕಥೆಯೂ ಬಂದಿತು. ಧ್ವನಿಯಿಂದಲೇ ನಡೆಯುವ ಆ ಕಥೆಯನ್ನು ಧ್ವನಿಯಿಲ್ಲದೆ ಹೇಳಬಹುದೆಂಬುದೇ ಕೇಳಿಸಿಕೊಳ್ಳುವವರಿಗೆ ಒಂದು ಪಾಠ.

ಐದು ವರ್ಷಗಳ ತರುವಾಯ, 2018ರ ಡಿಸೆಂಬರಿನಲ್ಲಿ, ಹುವಾವೇ ಎಂಬ ಚೀನಾದೇಶದ ಮೊಬೈಲು ಸಂಸ್ಥೆಯು ಯೂರೋಪಿನ ಬಧಿರರ ಸಂಘದ ಸಹಕಾರದಿಂದ 'ಸ್ಟೋರಿಸೈನ್' ಎಂಬುದನ್ನು ಪ್ರಕಟಿಸಿತು. ಇದರ ಮಾರ್ಗ ಬೇರೆ. ಇಲ್ಲಿ ಅಚ್ಚಾದ ಪುಸ್ತಕವೇ ಮುಖ್ಯ. ಎರಿಕ್ ಹಿಲ್ ಎಂಬಾತನು 1980ರಲ್ಲಿ ಬರೆದ 'ವೇರ್ಸ್ ಸ್ಪಾಟ್?' ಎಂಬ ಪುಟ್ಟ ಪುಸ್ತಕವನ್ನು ಮೊದಲು ಆರಿಸಿಕೊಂಡರು. ತಾಯಿನಾಯಿಯು ತನ್ನ ಮರಿಯನ್ನು ಮನೆಯೆಲ್ಲ ಹುಡುಕುವುದು. ಬಾಗಿಲ ಹಿಂದೆ ಕರಡಿ, ಗಡಿಯಾರದೊಳಗೆ ಹಾವು, ಮಂಚದ ಕೆಳಗೆ ಮೊಸಳೆ, ಕಡೆಗೆ ಬುಟ್ಟಿಯಲ್ಲಿ ಮರಿ. ಪುಸ್ತಕವನ್ನು ಬಿಚ್ಚಿಟ್ಟು ಅದರ ಮೇಲೆ ಮೊಬೈಲನ್ನು ಹಿಡಿದರೆ ಯಂತ್ರವು ಪುಟವನ್ನು ಗುರುತಿಸುವುದು. ಪರದೆಯ ಮೇಲೆ ಸ್ಟಾರ್ ಎಂಬ ಹೆಸರಿನ ಚಿತ್ರದ ಹುಡುಗಿ ಮೂಡಿ ಆ ಪುಟದ ವಾಕ್ಯವನ್ನು ಸಂಜ್ಞೆಗಳಲ್ಲಿ ಹೇಳುವಳು. ಅವಳು ಹೇಳುತ್ತಿರುವಂತೆ ಆಯಾ ಶಬ್ದವು ಪರದೆಯಲ್ಲಿ ಬಣ್ಣಗೊಂಡು ಎದ್ದು ಕಾಣುವುದು. ಮೊದಲಿಗೆ ಯೂರೋಪಿನ ಹತ್ತು ಸಂಜ್ಞಾಭಾಷೆಗಳಲ್ಲಿ ಇದು ಸಿದ್ಧವಾಯಿತು. ಬ್ರಿಟನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ಓದುವುದು ಇಂಗ್ಲಿಷೇ ಆದರೂ ಬಧಿರರ ಭಾಷೆಗಳು ಬೇರೆ ಬೇರೆ. ಸಂಜ್ಞಾಭಾಷೆಯು ಲೋಕಕ್ಕೆಲ್ಲ ಒಂದೇ ಎಂದು ತಿಳಿದವರು ಇದನ್ನು ಗಮನಿಸಬೇಕು.

ಈ ಸಾಧನದ ಗುಣವು ಕಿವಿ ಕೇಳುವ ತಾಯಿಗೆ ಸಂಬಂಧಿಸಿದುದು. ರಾತ್ರಿ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಥೆ ಓದುವ ಸುಖವು ಅವಳಿಗೆ ಇದುವರೆಗೆ ಇಲ್ಲದಿದ್ದುದು. ಈಗ ಪುಸ್ತಕ, ಮಗು, ತಾಯಿ ಮೂವರೂ ಒಂದೆಡೆ ಕೂಡುವರು, ಮಗುವಿನೊಡನೆ ಅವಳೂ ಸಂಜ್ಞೆಯನ್ನು ಕಲಿಯುವಳು. ದೋಷವೂ ಉಂಟು. ಅಲ್ಲಿ ಸಂಜ್ಞೆ ಮಾಡುವವಳು ಮನುಷ್ಯಳಲ್ಲ, ಚಿತ್ರದ ಗೊಂಬೆ. ಸಂಜ್ಞಾಭಾಷೆಯಲ್ಲಿ ವ್ಯಾಕರಣದ ಒಂದು ಭಾಗವಿರುವುದು ಮುಖದಲ್ಲಿ. ಹುಬ್ಬು ಮೇಲೇರಿದರೆ ಅದೇ ವಾಕ್ಯವು ಪ್ರಶ್ನೆಯಾಗುವುದು, ತಲೆಯಲ್ಲಾಡಿದರೆ ನಿಷೇಧವಾಗುವುದು. ಗೊಂಬೆಯ ಕೈಗಳನ್ನು ಕಲಾವಿದರು ಎಷ್ಟು ಶ್ರಮದಿಂದ ತಿದ್ದಿದರೂ ಬದುಕಿದ ಮುಖದ ಸೂಕ್ಷ್ಮವು ಪೂರ್ಣವಾಗಿ ಬರುವುದು ದುಸ್ತರ. ವಿಶ್ವ ಬಧಿರರ ಒಕ್ಕೂಟವೂ ಸಂಜ್ಞಾಭಾಷಾ ದುಭಾಷಿಗಳ ವಿಶ್ವಸಂಘವೂ 2018ರಲ್ಲಿಯೇ ಕೂಡಿ ಒಂದು ಹೇಳಿಕೆಯನ್ನು ಹೊರಡಿಸಿ, ಇಂತಹ ಗೊಂಬೆಗಳು ಮನುಷ್ಯರ ಸ್ಥಾನವನ್ನು ಆಕ್ರಮಿಸಬಾರದೆಂದು ಎಚ್ಚರಿಸಿದುವು. ವ್ಯಾಪಾರಿಯು ತನ್ನ ಯಂತ್ರವನ್ನು ಮಾರುವುದಕ್ಕಾಗಿ ದಯೆಯನ್ನು ತೋರಿಸಿದನೆಂದು ಆಕ್ಷೇಪಿಸಿದವರಿಗೂ ಉತ್ತರ ಹೇಳುವುದು ಸುಲಭವಲ್ಲ. ಆದರೂ ದಯೆಯಿಂದ ಬಂದ ಪುಸ್ತಕವನ್ನು ಮಗುವು ಓದಿದರೆ ಓದು ಓದೇ.

ಕೆನ್ಯಾ ದೇಶದ ಇಕಿತಾಬು ಎಂಬ ಸಂಸ್ಥೆಯವರು ಗೊಂಬೆಯ ಗೊಡವೆಗೆ ಹೋಗಲಿಲ್ಲ. ಅಲ್ಲಿಯ ಬಧಿರರೇ ತಮ್ಮ ಸಂಜ್ಞಾಭಾಷೆಯಲ್ಲಿ ಕಥೆ ಹೇಳುವುದನ್ನು ಚಿತ್ರೀಕರಿಸಿ ಆ ಚಿತ್ರವನ್ನು ವಿದ್ಯುನ್ಮಾನ ಪುಸ್ತಕದ ಪುಟದೊಳಗೆ ಸೇರಿಸಿದರು. ಮಕ್ಕಳಿಗೆ ಓದೂ ದೊರೆಯಿತು, ದೊಡ್ಡವರಿಗೆ ಉದ್ಯೋಗವೂ ದೊರೆಯಿತು. ಬಡದೇಶಗಳಿಗೆ ಈ ಮಾರ್ಗವೇ ಹೆಚ್ಚು ಹೊಂದುವುದೆಂದು ತೋರುವುದು.

ಭಾರತದ ಪ್ರಯತ್ನಗಳೂ ಅಲ್ಪವಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರ ಸರ್ಕಾರವು ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ಸಿದ್ಧವಾದ ಸಂಜ್ಞಾಕೋಶವು 2018ರಲ್ಲಿ 3,000 ಶಬ್ದಗಳಿಂದ ಪ್ರಾರಂಭವಾಗಿ 2019ರಲ್ಲಿ 6,000ಕ್ಕೂ 2021ರಲ್ಲಿ 10,000ಕ್ಕೂ ಏರಿತು. ಕೋಶವೆಂದರೆ ಅಚ್ಚಾದ ಹೊತ್ತಿಗೆಯಲ್ಲ, ಒಂದೊಂದು ಶಬ್ದಕ್ಕೂ ಒಂದೊಂದು ಚಲನಚಿತ್ರ. ಅಮರಸಿಂಹನಿಗೆ ಕನಸಿನಲ್ಲಿಯೂ ಹೊಳೆಯದ ಕೋಶ! 2022ರಲ್ಲಿ ಇದನ್ನೇ 'ಸೈನ್ ಲರ್ನ್' ಎಂಬ ಆ್ಯಪಿನ ರೂಪದಲ್ಲಿ ಮೊಬೈಲಿಗೆ ತಂದರು. 2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರುವುದಕ್ಕಾಗಿ ಎನ್.ಸಿ.ಇ.ಆರ್.ಟಿ.ಯೊಡನೆ ಒಪ್ಪಂದವಾಯಿತು. ಬೆಂಗಳೂರಿನ ಬಧಿರರ ಸಂಜ್ಞೆಗಳನ್ನು ಇದಕ್ಕೆ ಬಹಳ ಮೊದಲೇ, ದೆಹಲಿ, ಮುಂಬಯಿ, ಕಲ್ಕತ್ತೆಗಳವುಗಳೊಡನೆ, ವಸಿಷ್ಠ ಮತ್ತು ವುಡ್‌ವರ್ಡ್ ಎಂಬ ವಿದ್ವಾಂಸರು ಸಂಗ್ರಹಿಸಿ ಊರೂರಿಗೆ ಭೇದವಿದ್ದರೂ ಒಳಗೆ ಒಂದೇ ಭಾಷೆಯ ಹಂದರವಿರುವುದನ್ನು ತೋರಿಸಿದ್ದರು. ಆ ಹಂದರವು ಎಂತಹುದೆಂದರೆ, 'ಏನು', 'ಎಲ್ಲಿ' ಎಂಬ ಪ್ರಶ್ನಾರ್ಥಕವು ವಾಕ್ಯದ ಕೊನೆಗೆ ಬರುವುದು, ನಿಷೇಧವೂ ಕೊನೆಗೇ. ಕನ್ನಡದಲ್ಲಿಯೂ 'ಇಲ್ಲ' ಎಂಬುದು ಕೊನೆಗೇ ಅಲ್ಲವೆ? ಕೈಸನ್ನೆಗೆ ವ್ಯಾಕರಣವಿಲ್ಲವೆನ್ನುವವರು ಇಷ್ಟನ್ನಾದರೂ ವಿಚಾರಿಸಲಿ.

ಕನ್ನಡಕ್ಕೆ ಬರುವಾಗ ಮಾತ್ರ ದಾರಿಯು ಕಲ್ಲುಮುಳ್ಳಾಗುವುದು. ಮೊದಲನೆಯದಾಗಿ, ಆ ಕೋಶವು ರಚಿತವಾದದ್ದು ಇಂಗ್ಲಿಷು ಹಿಂದಿ ಶಬ್ದಗಳನ್ನು ಆಧರಿಸಿ. ಕನ್ನಡ ಶಾಲೆಯ ಮಗುವು ಅದರೊಳಗೆ ಹೊಗಬೇಕಾದರೆ ಮೊದಲು ಇಂಗ್ಲಿಷಿನ ಬಾಗಿಲನ್ನು ತಟ್ಟಬೇಕಾಗಿದ್ದಿತು. ಎರಡನೆಯ ಕಷ್ಟವು ಇದಕ್ಕಿಂತ ಆಳವಾದುದು. ಅದು ಕನ್ನಡದ ಸ್ವಭಾವದಲ್ಲಿಯೇ ಇರುವುದು. ಕೋಶದಲ್ಲಿ 'ಮರ' ದೊರೆತೀತು. ಆದರೆ ಪಾಠದ ಪುಸ್ತಕದಲ್ಲಿ ಬರಿಯ 'ಮರ' ಎಷ್ಟು ಸಲ ಬರುವುದು? ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ. ಸಂಧಿಯಾದರೆ ಮರವಿದೆ, ಮರವೊಂದು, ಮರವೇರಿ. ಕಿವಿಯುಳ್ಳ ಮಗುವು ಇವೆಲ್ಲವನ್ನೂ ವ್ಯಾಕರಣವನ್ನೋದದೆಯೇ ಆಡಬಲ್ಲುದು. ಬಧಿರ ಮಗುವಿಗೆ ಇವು ಏಳೆಂಟು ಬೇರೆ ಬೇರೆ ಚಿತ್ರಗಳು. 'ದಿಂದ' ಎಂಬುದಕ್ಕೆ ಬೇರೆಯಾದ ಒಂದು ಕೈಸನ್ನೆಯನ್ನು ಹುಡುಕಬೇಕಾಗಿಲ್ಲ. ಸಂಜ್ಞಾಭಾಷೆಯಲ್ಲಿ ಮರವನ್ನು ಗಾಳಿಯಲ್ಲಿ ಒಂದೆಡೆ ನಿಲ್ಲಿಸಿ ಕೈಯನ್ನು ಆ ಸ್ಥಳದಿಂದ ಇತ್ತ ತಂದರೆ ಪಂಚಮಿಯಾಗುವುದು, ಅತ್ತ ಒಯ್ದರೆ ಚತುರ್ಥಿಯಾಗುವುದು. ವಿಭಕ್ತಿಯು ಅಲ್ಲಿ ಪ್ರತ್ಯಯವಲ್ಲ, ದಿಕ್ಕು. ಶಬ್ದಕ್ಕೊಂದು ಸಂಜ್ಞೆ ಎಂಬ ಲೆಕ್ಕದಲ್ಲಿ ಮಾಡಿದ ಆ್ಯಪು ಇದನ್ನು ಕಲಿಸಲಾರದು. ವಾಕ್ಯಕ್ಕೆ ವಾಕ್ಯವನ್ನು ಎದುರಿಟ್ಟು ತೋರಿಸುವಂತಹುದೇ ಬೇಕು. ಬೆರಳಿನಿಂದ ಅಕ್ಷರಗಳನ್ನು ತೋರಿಸುವ ಪದ್ಧತಿಯೂ ಇಂಗ್ಲಿಷು ಅಕ್ಷರಗಳಿಗೆ ರೂಢವಾಗಿರುವಂತೆ ಕನ್ನಡದ ಕಾಗುಣಿತ ಒತ್ತಕ್ಷರಗಳಿಗೆ ಎಲ್ಲೆಡೆಯೂ ರೂಢವಾಗಿಲ್ಲ.

ಮೂರನೆಯದಾಗಿ, ಅಕ್ಷರ ಕಲಿಸುವ ಕನ್ನಡದ ಆ್ಯಪುಗಳು ಸಾಮಾನ್ಯವಾಗಿ ಮುಟ್ಟಿದೊಡನೆ ಗಟ್ಟಿಯಾಗಿ 'ಅ' ಎಂದು ನುಡಿಯುವಂತಹವು. ಕಿವಿಯುಳ್ಳ ಮಗುವಿಗೆ ಅದು ಉಪಾಧ್ಯಾಯ. ಬಧಿರ ಮಗುವಿಗೆ ಮುಟ್ಟಿದರೂ ಸುಮ್ಮನಿರುವ ಒಂದು ಚಿತ್ರ. ಅಕ್ಷರವು ಅರಳಿ ನಕ್ಕರೂ ಪ್ರಯೋಜನವಿಲ್ಲ, ಅದಕ್ಕೂ ಅರ್ಥಕ್ಕೂ ನಡುವೆ ಇರಬೇಕಾದ ಸಂಜ್ಞೆಯ ಸೇತುವೆಯೇ ಅಲ್ಲಿಲ್ಲ.

ಆಕ್ಷೇಪಗಳನ್ನೂ ಕೇಳತಕ್ಕದ್ದು. ಎಳೆಯ ಮಕ್ಕಳ ಕೈಗೆ ಮೊಬೈಲನ್ನು ಕೊಡಬಾರದೆಂಬುದು ಒಂದು. ಅದು ನಿಜವೇ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಬಧಿರ ಮಗುವಿನ ವಿಷಯದಲ್ಲಿ ಈ ಮಾತಿಗೆ ಇನ್ನೊಂದು ಮುಖವುಂಟು: ಮಗುವನ್ನು ಸುಮ್ಮನಿರಿಸಲು ಮೊಬೈಲನ್ನು ಕೊಟ್ಟು ತಾಯಿಯು ಅಡಿಗೆಮನೆಗೆ ಹೋದರೆ ಅದರ ಒಂಟಿತನವು ಇಮ್ಮಡಿಯಾಗುವುದು. ತಾಯಿಯು ಪಕ್ಕದಲ್ಲಿ ಕುಳಿತು ತಾನೂ ಕೈಯಾಡಿಸಿದರೆ ಆ ಒಂದು ಗಂಟೆಯು ಪಾಠವಾಗುವುದು.

ಇನ್ನೊಂದು ಆಕ್ಷೇಪವು ತಂದೆತಾಯಿಗಳ ಹೃದಯದಲ್ಲಿರುವುದು. ಸನ್ನೆಯನ್ನು ಕಲಿಸಿದರೆ ಮಗುವು ಮಾತನ್ನು ಬಿಟ್ಟುಬಿಡುವುದೆಂಬ ಭಯ. ಕಿವಿಯೊಳಗೆ ಯಂತ್ರವನ್ನಿಡುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದವರಲ್ಲಿ ಈ ಭಯವು ಹೆಚ್ಚು. ಪಂಡಿತರಲ್ಲಿ ಈ ವಿಷಯವಾಗಿ ಇಂದಿಗೂ ಭಿನ್ನಾಭಿಪ್ರಾಯವುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದಶಕಗಳಿಂದ ಇಂತಹ ಮಕ್ಕಳ ಪರೀಕ್ಷೆಯನ್ನೂ ಶಿಕ್ಷಣವನ್ನೂ ನಡೆಸುತ್ತಿರುವುದು. ಮಗುವನ್ನು ಅಲ್ಲಿಗೋ ಹತ್ತಿರದ ಜಿಲ್ಲಾ ಆಸ್ಪತ್ರೆಗೋ ಆದಷ್ಟು ಬೇಗನೆ ಕರೆದೊಯ್ಯುವುದು ಮೊದಲ ಕರ್ತವ್ಯ. ಕೇಳುವ ಯೋಗವಿದ್ದರೆ ಕೇಳಲಿ, ನುಡಿಯುವ ಯೋಗವಿದ್ದರೆ ನುಡಿಯಲಿ. ಆದರೆ ಚಿಕಿತ್ಸೆಯು ಫಲಿಸುವವರೆಗೆ ಮಗುವು ಭಾಷೆಯಿಲ್ಲದೆ ಕಾದಿರಬೇಕೆಂಬುದು ನ್ಯಾಯವಲ್ಲ. ಮಳೆ ಬರುವುದೆಂದು ಕೊಡದ ನೀರನ್ನು ಚೆಲ್ಲುವವರುಂಟೆ?

ಓದು ಬಾರದಿದ್ದರೆ ಹೊಸ ಯಂತ್ರಗಳೂ ನಿಷ್ಫಲವಾಗುವುವೆಂಬುದಕ್ಕೆ ಒಂದೇ ಉದಾಹರಣೆ ಸಾಕು. 2019ರಲ್ಲಿ ಗೂಗಲ್ ಸಂಸ್ಥೆಯು, ಮೇಲೆ ಹೇಳಿದ ಗಾಲಡೆಟ್ ವಿದ್ಯಾಪೀಠದ ನೆರವಿನಿಂದ, ಎದುರಿಗಿರುವವರು ಆಡಿದ ಮಾತನ್ನು ಅಲ್ಲಿಯೇ ಅಕ್ಷರಗಳಾಗಿ ಬರೆದು ತೋರಿಸುವ ಆ್ಯಪನ್ನು ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರತಂದಿತು. ಶ್ರಾವಣವನ್ನು ಕ್ಷಣಮಾತ್ರದಲ್ಲಿ ಚಾಕ್ಷುಷವನ್ನಾಗಿ ಮಾಡುವ ಯಂತ್ರ! ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಬಧಿರನಿಗೆ ಇದು ವರವೇ ಸರಿ. ಆದರೆ ಯಾರಿಗೆ? ಓದಬಲ್ಲ ಬಧಿರನಿಗೆ. ಓದದವನಿಗೆ ಅದು ಪರದೆಯ ಮೇಲೆ ಹರಿಯುವ ಇರುವೆಯ ಸಾಲು.

ಕನ್ನಡದಲ್ಲಿ ಏನು ಮಾಡಬಹುದೆಂಬ ಪ್ರಶ್ನೆಗೆ ದೊಡ್ಡ ಸಂಸ್ಥೆಗಳನ್ನೂ ಕೋಟಿ ರೂಪಾಯಿಗಳನ್ನೂ ಕಾಯಬೇಕಾಗಿಲ್ಲ. ಬ್ಲೂಮ್ ಎಂಬ ಒಂದು ಸಾಧನವುಂಟು, ಎಸ್.ಐ.ಎಲ್. ಎಂಬ ಸಂಸ್ಥೆಯವರು ಅದನ್ನು ಹಣವಿಲ್ಲದೆ ಕೊಡುವರು. ಅದರಿಂದ ಉಪಾಧ್ಯಾಯರೇ ಪುಸ್ತಕವನ್ನು ಕಟ್ಟಬಹುದು: ಪುಟಕ್ಕೊಂದು ಚಿತ್ರ, ಅದರೊಡನೆ ಸಂಜ್ಞಾಭಾಷೆಯ ಚಿಕ್ಕ ಚಲನಚಿತ್ರ, ಕೆಳಗೆ ಕನ್ನಡದ ಒಂದು ವಾಕ್ಯ. ಸಿದ್ಧವಾದ ಪುಸ್ತಕವನ್ನು ಸಾಧಾರಣ ಮೊಬೈಲಿನಲ್ಲಿ ಓದಬಹುದು. ಸಂಜ್ಞೆ ಮಾಡುವವರು ಯಾರೆಂದರೆ, ಹತ್ತಿರದ ಊರುಗಳಲ್ಲಿ ಹೊಲಿಗೆ, ಬಡಗಿತನ, ಮುದ್ರಣಾಲಯಗಳಲ್ಲಿ ದುಡಿಯುತ್ತಿರುವ ವಯಸ್ಕರಾದ ಬಧಿರರು. ಅವರನ್ನು ಶಾಲೆಗೆ ಕರೆದು ಮರ್ಯಾದೆಯಿಂದ ಕೂಡಿಸಿ, ತಕ್ಕ ಸಂಭಾವನೆಯನ್ನು ಕೊಟ್ಟು ಕಥೆ ಹೇಳಿಸಿದರೆ ಗೊಂಬೆಯ ಮುಖದಲ್ಲಿಲ್ಲದುದು ಅವರ ಮುಖದಲ್ಲಿರುವುದು. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಮೊದಲ ಬಾರಿಗೆ ಬಧಿರ ಮಕ್ಕಳನ್ನು ಒಂದು ಶಾಲೆಯಲ್ಲಿ ಕೂಡಿಸಿದಾಗ, ಯಾರೂ ಕಲಿಸದೆಯೇ, ಆಟದ ಬಯಲಿನಲ್ಲಿ ಅವರ ನಡುವೆ ಹೊಸ ಸಂಜ್ಞಾಭಾಷೆಯೊಂದು ಬೆಳೆದು ಬಂದಿತಷ್ಟೆ. ಭಾಷೆಯು ಬೆಳೆಯುವುದು ಕೂಡಿದ ಜನರ ನಡುವೆ. ಮೊಬೈಲು ಅದನ್ನು ಹಿಡಿದಿಟ್ಟು ಒಯ್ಯುವ ಬುತ್ತಿ.

ವಾಕ್ಯಗಳನ್ನು ಆರಿಸುವಾಗ ವಿಭಕ್ತಿಯ ಮೇಲೆ ಕಣ್ಣಿಟ್ಟು ಆರಿಸಬೇಕು. ಒಂದು ಪುಟದಲ್ಲಿ 'ಅಜ್ಜಿ ಮರದಿಂದ ಮಟ್ಟೆಯನ್ನು ಎಳೆದಳು' ಎಂದಿದ್ದರೆ ಮುಂದಿನ ಪುಟದಲ್ಲಿ 'ಹುಡುಗ ಮರಕ್ಕೆ ಹಗ್ಗವನ್ನು ಕಟ್ಟಿದನು' ಎಂದಿರಲಿ. ಚಲನಚಿತ್ರದಲ್ಲಿ ಕೈಯು ಮರದ ಸ್ಥಳದಿಂದ ಇತ್ತ ಬಂದುದನ್ನೂ ಅತ್ತ ಹೋದುದನ್ನೂ ಕಂಡ ಮಗುವು ಬೆರಳಿಟ್ಟು 'ದಿಂದ', 'ಕ್ಕೆ' ಎಂಬ ತುದಿಗಳನ್ನು ತಾನೇ ಬೇರ್ಪಡಿಸಬೇಕು. ಆ ತುದಿಗಳಿಗೆ ಬೇರೆ ಬಣ್ಣ ಹಚ್ಚಿದರೆ ಇನ್ನೂ ಒಳ್ಳೆಯದು. ಅದೇ ಪುಟಕ್ಕೆ ಧ್ವನಿಯನ್ನೂ ಸೇರಿಸುವ ಅನುಕೂಲವುಂಟು. ಅದು ಮಗುವಿಗಾಗಿ ಅಲ್ಲ. ಮನೆಯಲ್ಲಿ ಅಕ್ಷರವರಿಯದ ಅಜ್ಜಿಯೊಬ್ಬಳಿದ್ದರೆ ಅವಳು ವಾಕ್ಯವನ್ನು ಕೇಳಿ, ಸಂಜ್ಞೆಯನ್ನು ನೋಡಿ, ಮೊಮ್ಮಗನು ತೋರಿಸಿದ ಅಕ್ಷರದ ಮೇಲೆ ತಾನೂ ಬೆರಳಿಡಬಹುದು.